ಐಸ್ ನೀರಿನ ತೂತು

ತೆಕ್ಕಟ್ಟೆ
12 ಸೆಪ್ಟೆಂಬರ್ 2024

ಗುಣಪಾಲ ಭಾವನಿಗೆ,

ನಾನು, ನಿನ್ನ ಅಕ್ಕ ಇಬ್ಬರೂ ಆರಾಮ. ನೀನೂ ಬೈಂದೂರಿನಲ್ಲಿ ಸಿಟ್ಟು ಸಮೇತ ಆರಾಮ ಇದ್ದೀ ಎಂದು ಗಂಗೊಳ್ಳಿ ಬಂದರಿನವರು ಹೇಳುತ್ತಿರುತ್ತಾರೆ. ನಾಲ್ಕು ವರ್ಷವಾಯಿತು ಮಾರಾಯ, ನೀನು ನನ್ನ ಹತ್ತಿರ ಮಾತು ಬಿಟ್ಟು. ಫೋನು ಎತ್ತುವುದಿಲ್ಲ, ಎದುರು ಸಿಕ್ಕಿದರೆ ಮುಖ ತಿರುಗಿಸುತ್ತೀ. ಆದ್ದರಿಂದ ಈ ಕಾಗದ. ಹರಿದು ಹಾಕುವುದಾದರೆ ಪೂರ್ತಿ ಓದಿ ಹರಿ.

ಮೀನು ಸಾಗಿಸುವ ಕೆಲಸ ನಿಲ್ಲಿಸಿದೆ. ಬೆನ್ನು ಸಾಕು ಅನ್ನುತ್ತಿದೆ. ಗಾಡಿ ಮಾತ್ರ ಮಾರಲಿಲ್ಲ. ನನ್ನ 407 ಲಾರಿ ನಿನಗೆ ಗೊತ್ತಲ್ಲ, ಹಿಂದೆ ದಪ್ಪ ಗೋಡೆಯ ಪೆಟ್ಟಿಗೆ, ಐಸು ಹಾಕಿ ಮೀನು ತುಂಬಿದರೆ ಎರಡು ದಿನ ಕೆಡುವುದಿಲ್ಲ. ಆ ಪೆಟ್ಟಿಗೆಯೊಳಗೆ ಒಂದು ಮನೆ ಮಾಡಬೇಕೆಂದಿದ್ದೇನೆ. ಎರಡು ಮಂಚ, ಒಂದು ಒಲೆ, ಒಂದು ಬಚ್ಚಲು, ಒಂದು ಕಕ್ಕಸು. ನಗಬೇಡ.

ಇದೆಲ್ಲ ನಿನ್ನ ಅಕ್ಕ ಪ್ರಭಾವತಿಗಾಗಿ. ನೆಂಟರ ಹುಡುಗಿ ಚೇತನಾಳ ಮದುವೆಗೆ ಪುಣೆಗೆ ಹೋಗಿ ಬಂದ ಮೇಲೆ ಅವಳು ಕುಂದಾಪುರದಿಂದ ಆಚೆ ಯಾವ ಗಾಡಿಯನ್ನೂ ಹತ್ತಿಲ್ಲ. ರೈಲಿಗೆ ಟಿಕೆಟ್ ಮಾಡುತ್ತೇನೆ ಎಂದರೆ, ರೈಲಿನ ಕಕ್ಕಸಿಗೆ ನೀವೇ ಹೋಗಿ ಎನ್ನುತ್ತಾಳೆ. ಆದರೆ ಅವಳಿಗೊಂದು ಆಸೆ ಇದೆ. ಹಿಂದೊಮ್ಮೆ ನಾಗಪಟ್ಟಣಕ್ಕೆ ಲೋಡು ಇಳಿಸಲು ಹೋದಾಗ ಅಲ್ಲಿ ಸೂರ್ಯ ಸಮುದ್ರದೊಳಗಿನಿಂದ ಏಳುವುದನ್ನು ಕಂಡೆ ಎಂದು ಬಂದು ಹೇಳಿದ್ದೆ. ಅವಳು ಅದನ್ನು ಮರೆತಿಲ್ಲ. ಮೊನ್ನೆ ಸಂಜೆ ಕಡಲ ಕರೆಯ ಮರಳಲ್ಲಿ ಕೂತವಳು, "ಹುಟ್ಟಿದ್ ಮೇಲೆ ಮುಳ್ಗುದೇ ಕಂಡದ್ದ್. ಒಂದ್ ಸಲ ಏಳುದ್ ಕಾಣ್ಕ್" ಎಂದಳು. ನಾನು ಮನೆಗೆ ಬಂದು ಟೇಪು ಹಿಡಿದು ಗಾಡಿಯ ಅಳತೆ ತೆಗೆದೆ.

ಹಿಂದಿನ ಪುಟದಲ್ಲಿ ನಕ್ಷೆ ಬಿಡಿಸಿದ್ದೇನೆ. ನೀರಿನ ಟ್ಯಾಂಕು ಛಾವಣಿಯ ಮೇಲೆ. ಮನೆಯಲ್ಲೂ ಹಾಗೇ ತಾನೇ ಇರುವುದು, ನೀರು ತಾನಾಗಿ ಇಳಿಯುತ್ತದೆ, ಪಂಪಿನ ರಗಳೆ ಇಲ್ಲ. ಬಚ್ಚಲ ನೀರು ಹೋಗಲು ಪೆಟ್ಟಿಗೆಯ ನೆಲದಲ್ಲಿ ಐಸ್ ನೀರಿನ ತೂತು ಹೇಗೂ ಇದೆ, ನೆಲ ಮೊದಲೇ ಹಿಂದಕ್ಕೆ ಇಳಿಜಾರು. ಅಂದರೆ ಅರ್ಧ ಕೆಲಸ ಆಗಿಯೇ ಹೋಗಿದೆ. ಉಳಿದರ್ಧಕ್ಕೆ ನೀನು ಬೇಕು. ಮನೆಗೆ ಪೈಪು ಹಾಕುವವರು ಊರು ತುಂಬ ಇದ್ದಾರೆ. ಅಲ್ಲಾಡುವ ವಸ್ತುವಿಗೆ ಪೈಪು ಹಾಕುವವನು ದೋಣಿಯಲ್ಲಿ ಕೆಲಸ ಮಾಡಿದ ನೀನೊಬ್ಬನೇ.

ನಿನ್ನ ಭಾವ,
ಚಂದ್ರ


ಬೈಂದೂರು
21 ಸೆಪ್ಟೆಂಬರ್ 2024

ಚಂದ್ರ ಭಾವನವರಿಗೆ,

ಅಕ್ಕ ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನ ಕುಂಭಾಶಿಯ ಆನೆಗುಡ್ಡೆಗೆ ಹೋಗಿ, ಗಣಪತಿಯ ಎದುರು ನಿಂತು, ನಿಮ್ಮ ಹತ್ತಿರ ಇನ್ನು ಮಾತಾಡುವುದಿಲ್ಲ ಎಂದು ಹೇಳಿದ್ದೇನೆ. ಬರೆಯುವುದಿಲ್ಲ ಎಂದು ಹೇಳಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ವಾಟ್ಸ್‌ಆ್ಯಪ್ ಮಾತೋ ಬರಹವೋ ನನಗೆ ಖಚಿತವಿಲ್ಲ, ದೇವರ ವಿಷಯದಲ್ಲಿ ಸಂಶಯ ಇಟ್ಟುಕೊಳ್ಳಬಾರದು. ಅಂಚೆಯಲ್ಲೇ ಬರೆಯಿರಿ.

ಪುಣೆಯಿಂದ ಬರುವ ರಾತ್ರಿ ಸ್ಟೇರಿಂಗು ಹಿಡಿದವರು ನೀವು, ಗಾಡಿ ನಿಲ್ಲಿಸದವರೂ ನೀವು. ಅಕ್ಕ ಒಂದಕ್ಕೂ ಹೋಗದೆ ಅಷ್ಟು ಹೊತ್ತು ತಡೆದುಕೊಂಡು ಕೂತು, ಊರಿಗೆ ಮುಟ್ಟುವಾಗ ಚಳಿಜ್ವರದಲ್ಲಿ ನಡುಗುತ್ತಿದ್ದಳು. ಅವಳು ಹೇಳಲಿಲ್ಲ ಎಂದು ನೀವು ಆಗಲೂ ಅಂದಿರಿ, ಈಗಲೂ ಅನ್ನುತ್ತೀರಿ. ಅದನ್ನು ಇಲ್ಲಿಗೆ ಬಿಡುತ್ತೇನೆ.

ನಿಮ್ಮ ನಕ್ಷೆ ನೋಡಿದೆ. ಟ್ಯಾಂಕು ಮೇಲಿಟ್ಟರೆ ನೀವು ನಾಗಪಟ್ಟಣಕ್ಕೆ ಮುಟ್ಟುವುದಿಲ್ಲ. ಮುನ್ನೂರು ಲೀಟರು ನೀರೆಂದರೆ ಮೂರು ಕ್ವಿಂಟಾಲು ಭಾರ. ಅದನ್ನು ತಲೆಯ ಮೇಲೆ ಹೊತ್ತುಕೊಂಡು ಘಟ್ಟದ ತಿರುವಿನಲ್ಲಿ ಗಾಡಿ ತಿರುಗಿಸುತ್ತೀರಾ? ನಾವು ದೋಣಿಯಲ್ಲಿ ನೀರಿನ ಟ್ಯಾಂಕನ್ನು ತಳದಲ್ಲಿ ಇಡುತ್ತೇವೆ. ನೀವೂ ನೆಲದ ಮಟ್ಟದಲ್ಲಿ, ಹಿಂದಿನ ಗಾಲಿಯ ಸ್ವಲ್ಪ ಮುಂದೆ ಇಡಿ. ಒಳಗೆ ಅಡ್ಡ ತಗಡು ಹಾಕಿಸಿ, ಇಲ್ಲದಿದ್ದರೆ ಬ್ರೇಕು ಹಾಕಿದಾಗೆಲ್ಲ ನೀರು ಮುಂದೆ ನುಗ್ಗಿ ಗಾಡಿಯನ್ನು ದೂಡುತ್ತದೆ. ದೋಣಿಯ ಸಣ್ಣ ಪಂಪು ಬ್ಯಾಟರಿಯಲ್ಲೇ ಓಡುತ್ತದೆ, ನನ್ನ ಹತ್ತಿರ ಒಂದಿದೆ.

ಐಸ್ ನೀರಿನ ತೂತು ಮುಚ್ಚಿಸಿ. ಅದರಿಂದ ಬಚ್ಚಲ ನೀರನ್ನು ದಾರಿಯುದ್ದಕ್ಕೂ ಸುರಿಸಿಕೊಂಡು ಹೋಗಲು ಅದು ಮೀನಿನ ನೀರಲ್ಲ. ಮೀನಿನ ನೀರು ಸುರಿಸಿದ್ದೂ ಸರಿಯಲ್ಲ.

ಗುಣಪಾಲ


ತೆಕ್ಕಟ್ಟೆ
6 ಅಕ್ಟೋಬರ್ 2024

ಗುಣಪಾಲ ಭಾವನಿಗೆ,

ನಿನ್ನ ಕಾಗದ ಬರುವ ಮೊದಲೇ ಬ್ರಹ್ಮಾವರದ ಉಲ್ಲಾಸನ ಗ್ಯಾರೇಜಿಗೆ ಹೋಗಿ ಟ್ಯಾಂಕು ಮೇಲೆ ಕೂರಿಸಿಬಿಟ್ಟಿದ್ದೆ. ಲಾರಿಗೆ ಬಾಡಿ ಕಟ್ಟುವುದರಲ್ಲಿ ಅವನು ಹುಷಾರು, ಆದರೆ ನಾನು ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತಾನೆ, ಅದೇ ತೊಂದರೆ. ನೀರು ತುಂಬಿಸಿ ಹೆದ್ದಾರಿಗೆ ಇಳಿದೆ. ಕೋಟದ ಹತ್ತಿರ ಒಬ್ಬ ಬೈಕಿನವನು ಅಡ್ಡ ಬಂದ. ಸ್ವಲ್ಪ ಬಲಕ್ಕೆ ಎಳೆದೆ ಅಷ್ಟೆ, ಗಾಡಿ ಕುಡಿದವನ ಹಾಗೆ ಒಂದು ಬದಿಗೆ ವಾಲಿ, ಯೋಚನೆ ಮಾಡಿ ಮತ್ತೆ ನೆಟ್ಟಗಾಯಿತು. ವಾಪಸು ಬ್ರಹ್ಮಾವರಕ್ಕೆ ನಿಧಾನಕ್ಕೆ ಹೋಗಿ ಇಳಿಸಿಯೇ ಬಂದೆ. ನಿನ್ನ ಅಕ್ಕನಿಗೆ ಹೇಳಿಲ್ಲ, ನೀನೂ ಹೇಳಬೇಡ.

ಟ್ಯಾಂಕು ಈಗ ನೀನು ಹೇಳಿದ ಜಾಗದಲ್ಲಿದೆ. ಅಡ್ಡ ತಗಡೂ ಹಾಕಿಸಿದೆ. ಆದರೆ ತೂತು ಮುಚ್ಚುವುದಿಲ್ಲ. ಆ ತೂತಿನಿಂದ ಎಷ್ಟು ಐಸು ನೀರಾಗಿ ಹೋಗಿದೆಯೋ, ಅದೇ ನಮಗೆ ಅನ್ನ ಹಾಕಿದ್ದು. ಅದು ಇರಲಿ.

ಚಂದ್ರ


ಬೈಂದೂರು
22 ಅಕ್ಟೋಬರ್ 2024

ಭಾವನವರಿಗೆ,

ನೀವು ಬದುಕಿದ್ದು ತಿಳಿದು ಸಂತೋಷವಾಯಿತು. ಇದನ್ನು ಮಾತು ಎಂದು ತಿಳಿಯಬೇಡಿ.

ಇನ್ನು ನಾನು ಹೇಳಿದ ಕ್ರಮದಲ್ಲೇ ಮಾಡಿ. ಎಡಗೋಡೆ ನೀರಿಗೆ, ಬಲಗೋಡೆ ಕರೆಂಟಿಗೆ. ಅಡುಗೆಯ ತೊಟ್ಟಿ, ಬಚ್ಚಲು, ಕಕ್ಕಸು ಎಲ್ಲ ಎಡಕ್ಕೆ ಒಂದೇ ಸಾಲಿನಲ್ಲಿ ಬಂದರೆ ಪೈಪು ಕಡಿಮೆ, ಸೋರಿದರೆ ಹುಡುಕುವುದು ಸುಲಭ. ಬ್ಯಾಟರಿ, ಸ್ವಿಚ್ಚು, ಮಂಚ ಬಲಕ್ಕೆ ಇದ್ದರೆ ಭಾರವೂ ಎರಡು ಬದಿಗೆ ಸಮನಾಗುತ್ತದೆ. ಮನೆಗೆ ಹಾಕುವ ಗಟ್ಟಿ ಪೈಪು ಬೇಡ, ಗಾಡಿ ಕುಲುಕುವಾಗ ಬಿರುಕು ಬಿಡುತ್ತದೆ. ಬಗ್ಗುವ ರಬ್ಬರ್ ಪೈಪಿಗೆ ಕ್ಲಿಪ್ ಬಿಗಿಯುತ್ತೇನೆ.

ಬಚ್ಚಲ ನೀರಿಗೆ ಮುಂದೊಂದು, ಹಿಂದೊಂದು ಕೊಳವೆ ಬೇಕು. ನೆಲ ಹಿಂದಕ್ಕೆ ಇಳಿಜಾರು ಎಂದು ನೀವು ಕುಣಿಯುತ್ತಿದ್ದೀರಿ. ಗಾಡಿಯ ಮೂತಿ ಕೆಳಗಾಗಿ ನಿಲ್ಲಿಸಿದರೆ ನೀರೆಲ್ಲ ಮಂಚದ ಅಡಿಗೆ ಬರುತ್ತದೆ. ಎರಡೂ ಕೊಳವೆ ಅಡಿಯಲ್ಲಿ ಒಂದು ಕೊಳೆನೀರಿನ ಟ್ಯಾಂಕಿಗೆ ಸೇರಲಿ. ಕಕ್ಕಸಿಗೆ ಬೇರೆಯೇ ಮುಚ್ಚಿದ ಡಬ್ಬಿ, ಹಿಡಿ ಇರುವಂಥದ್ದು, ಹೊರಗಿನಿಂದ ಎಳೆದು ಸಾರ್ವಜನಿಕ ಶೌಚಾಲಯದಲ್ಲಿ ಖಾಲಿ ಮಾಡುವಂತೆ. ಹಾಗಾಗಿ ಕಕ್ಕಸು ಹಿಂಬದಿಯ ಬಾಗಿಲಿಗೆ ತಾಗಿ ಇರಬೇಕು, ಹಿಂದಿನಿಂದಲೇ ಹತ್ತಿ ಒಳಗೆ ಹೋಗುವ ಹಾಗೆ. ಗ್ಯಾಸಿನ ಸಿಲಿಂಡರು ಹೊರಗಿನ ಪೆಟ್ಟಿಗೆಯಲ್ಲಿ. ಕಿಟಕಿ ಎರಡು ಕೊರೆಯಲೇಬೇಕು. ಗಾಳಿ ಆಡದ ಹಾಗೆ ಕಟ್ಟಿದ ಪೆಟ್ಟಿಗೆ ಅದು, ಮೀನಿಗೆ ಉಸಿರು ಬೇಡ, ನಿಮಗೆ ಬೇಕು.

ತೂತು ಮುಚ್ಚಿ.

ಗುಣಪಾಲ


ತೆಕ್ಕಟ್ಟೆ
24 ನವೆಂಬರ್ 2024

ತಮ್ಮ ಗುಣಪಾಲನಿಗೆ ಅಕ್ಕ ಪ್ರಭಾವತಿಯ ಆಶೀರ್ವಾದಗಳು.

ನೀನು ಬರೆದ ಕಾಗದಗಳು, ಅಂಚೆಗೆ ಹಾಕುವವರೆಗೆ ಇವರು ಬರೆದವೂ ನಮ್ಮ ಊಟದ ಮೇಜಿನ ಮೇಲೇ ಬಿದ್ದಿರುತ್ತವೆ. ಎಲ್ಲ ಓದಿದೆ. ಗಾಡಿ ವಾಲಿದ್ದನ್ನೂ ಓದಿದೆ, ಅದಕ್ಕೆ ಇವರಿಗೆ ಬೈದೂ ಆಯಿತು. ಎರಡು ತಿಂಗಳಿಂದ ನನ್ನ ಕಕ್ಕಸಿನ ವಿಷಯವಾಗಿ ಬೈಂದೂರಿಗೂ ತೆಕ್ಕಟ್ಟೆಗೂ ಪತ್ರ ಓಡಾಡುತ್ತಿದೆ. ನಿನಗೆ ಎಂತ ಬೇಕು ಎಂದು ಒಬ್ಬರೂ ಕೇಳಲಿಲ್ಲ. ಇದನ್ನು ಇವರಿಗೂ ಓದಲು ಕೊಟ್ಟೇ ಅಂಚೆಗೆ ಹಾಕುತ್ತೇನೆ.

ಮದುವೆಯಾದಾಗಿನಿಂದ ಮೊನ್ನೆ ಮೊನ್ನೆಯವರೆಗೆ ನಾನು ಮೀನಿನ ಬುಟ್ಟಿ ಹೊತ್ತವಳು. ಬೆಳಿಗ್ಗೆ ಬಂದರಿಗೆ ಹೋದರೆ ಮನೆಮನೆ ತಿರುಗಿ ಮಧ್ಯಾಹ್ನ ದಾಟಿದ ಮೇಲೆ ವಾಪಸು. ನಡುವೆ ಹೋಗಲು ಜಾಗ ಎಲ್ಲಿದೆ? ಮೀನಿನವಳಿಗೆ ಯಾರು ತಮ್ಮ ಬಚ್ಚಲು ತೋರಿಸುತ್ತಾರೆ? ಅದಕ್ಕೆ ನಾವು ಹೆಂಗಸರೆಲ್ಲ ಕಲಿತದ್ದು ಒಂದೇ, ಹೊರಡುವ ಮೊದಲು ನೀರು ಕುಡಿಯದೇ ಇರುವುದು. ತೆಕ್ಕಟ್ಟೆ ಹೋಟೆಲಿನ ಎದುರು ಹಾದು ಹೋಗುವಾಗ ಚಾದ ಪರಿಮಳ ಮೂಗಿಗೆ ಬರುತ್ತಿತ್ತು. ನನಗೆ ಚಾ ಎಷ್ಟು ಇಷ್ಟ ನಿನಗೆ ಗೊತ್ತು. ಒಂದು ದಿನವೂ ದಾರಿಯಲ್ಲಿ ಕುಡಿದವಳಲ್ಲ.

ಪುಣೆಯಿಂದ ಬರುವಾಗ ಇವರು ಎರಡು ಸಲ ಗಾಡಿ ನಿಲ್ಲಿಸಿದ್ದರು, ಅದು ನಿನಗೆ ಗೊತ್ತಿಲ್ಲ. ಗಂಡಸರೆಲ್ಲ ಇಳಿದು ರಸ್ತೆ ಬದಿಗೆ ಹೋದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತೆವು. ಇವರು ನಿಲ್ಲಿಸಲಿಲ್ಲ ಎಂದು ನೀನು, ಅವಳು ಹೇಳಲಿಲ್ಲ ಎಂದು ಇವರು, ಇಬ್ಬರೂ ಜಗಳ ಆಡಿಕೊಂಡು ನಾಲ್ಕು ವರ್ಷ ಕಳೆದಿರಿ. ನಿಲ್ಲಿಸಿದರೂ ಇಳಿಯಲು ಜಾಗ ಇರಲಿಲ್ಲ, ವಿಷಯ ಅಷ್ಟೇ.

ಈಗ ನನಗೆ ಬೇಕಾದ್ದು ಕೇಳು. ಕಕ್ಕಸಿಗೆ ಹಿಂದಿನಿಂದ ಹತ್ತುವ ದಾರಿ ಬೇಡ. ರಸ್ತೆಯವರೆಲ್ಲ ನೋಡುವ ಹಾಗೆ ನಾನು ಮೆಟ್ಟಿಲು ಹತ್ತಿ ಹೋಗುವವಳಲ್ಲ. ದಾರಿ ಗಾಡಿಯ ಒಳಗಿನಿಂದ ಇರಲಿ. ಡಬ್ಬಿಯನ್ನು ಬೇಕಾದರೆ ಹಿಂದಿನಿಂದ ಎಳೆಯಿರಿ. ನಲ್ಲಿ ಕೈಗೆ ಎಟುಕುವಷ್ಟು ಕೆಳಗಿರಲಿ, ಇವರ ಅಳತೆಗೆ ಹಾಕಬೇಡಿ. ಬಾಗಿಲು ಒಳಗಿನಿಂದ ಹಾಕಲೂ ಬರಬೇಕು, ತೆಗೆಯಲೂ ಬರಬೇಕು. ಟ್ಯಾಂಕಿಗೆ ನಮ್ಮ ಬಾವಿಯ ನೀರೇ ತುಂಬಿಸಬೇಕು. ಮೀನಿನ ವಾಸನೆ ಹೋಗಲಿಲ್ಲ ಎಂದು ಇವರು ಸುಣ್ಣ, ನಿಂಬೆಹಣ್ಣು ಎಂದು ಒದ್ದಾಡುತ್ತಿದ್ದಾರೆ. ಆ ವಾಸನೆ ನನಗೆ ಎಂತ ಮಾಡುತ್ತದೆ? ಇರಲಿ ಬಿಡಿ.

ಇಷ್ಟು ಆದರೆ ನಾನು ಬರುತ್ತೇನೆ. ಇಲ್ಲದಿದ್ದರೆ ನೀವಿಬ್ಬರೇ ಕಾಗದ ಬರೆದುಕೊಂಡು ಸೂರ್ಯ ನೋಡಿ ಬನ್ನಿ.

ನಿನ್ನ ಅಕ್ಕ,
ಪ್ರಭಾವತಿ


ಬೈಂದೂರು
3 ಡಿಸೆಂಬರ್ 2024

ಅಕ್ಕನಿಗೆ ನಮಸ್ಕಾರ.

ಎರಡು ಸಲ ನಿಲ್ಲಿಸಿದ್ದರು ಎಂಬುದು ನನಗೆ ಗೊತ್ತಿರಲಿಲ್ಲ. ಆದರೆ ದೇವರ ಎದುರು ಹೇಳಿಯಾಗಿದೆ, ಈಗ ಏನು ಮಾಡುವುದೆಂದು ತಿಳಿಯುತ್ತಿಲ್ಲ.

ನಕ್ಷೆ ಹೊಸದಾಗಿ ಮಾಡಿದ್ದೇನೆ. ಕಕ್ಕಸಿನ ಬಾಗಿಲು ಒಳಮುಖವಾಗಿದೆ. ನಲ್ಲಿ ನಿನ್ನ ಅಳತೆಗೆ. ಚಿಲಕ ಒಳಗೆ. ಸಂಕ್ರಾಂತಿ ಕಳೆದ ಮೇಲೆ ಪೈಪು ಹಾಕಲು ಬರುತ್ತೇನೆ. ಭಾವನಿಗೆ ಏನಾದರೂ ಹೇಳುವುದಿದ್ದರೆ ನಿನ್ನ ಮೂಲಕ ಹೇಳುತ್ತೇನೆ, ನೀನು ಮನೆಯಲ್ಲೇ ಇರು.

ನಿನ್ನ ತಮ್ಮ,
ಗುಣಪಾಲ


ತೆಕ್ಕಟ್ಟೆ
24 ಜನವರಿ 2025

ಗುಣಪಾಲ ಭಾವ,

ಹಾಗೆ ಒಂದು ಗುಟುಕು ಚಾವನ್ನೂ ಕುಡಿಯದೆ ಬಸ್ಸು ಹತ್ತಿ ಓಡುವುದೆಂದರೆ ಹೇಗೆ? ನಿನ್ನ ಹತಾರಗಳೆಲ್ಲ ಇಲ್ಲೇ ಇವೆ. ನೀನು ಒಳಗಿದ್ದವನು, ಹೊರಗೆ ಏನಾಯಿತು ಎಂದು ನಿನಗೆ ಗೊತ್ತಿಲ್ಲ. ನನ್ನದೂ ಸ್ವಲ್ಪ ಕೇಳು.

ಮೊದಲೆರಡು ದಿನ ನೀನು ನನ್ನ ಪಕ್ಕದಲ್ಲೇ ನಿಂತು, "ಅಕ್ಕಾ, ಭಾವನಿಗೆ ಆ ಪಾನ ಕೊಡುಕ್ ಹೇಳ್" ಎನ್ನುತ್ತಿದ್ದೆ. ಅಡುಗೆಮನೆಯಿಂದ ಅವಳು ಕೂಗಿ ಹೇಳುವವರೆಗೆ ನಾನೂ ಆ ಸ್ಪ್ಯಾನರು ಕೈಯಲ್ಲೇ ಹಿಡಿದು ಕಾಯುತ್ತಿದ್ದೆ. ಮೂರನೆಯ ದಿನ ಅವಳು ಕುಂದಾಪುರಕ್ಕೆ ಹೋದಳು, ಮಧ್ಯಸ್ಥಿಕೆಗೆ ಜನ ಇಲ್ಲವಾಯಿತು. ನೀನು ಒಳಗೆ ಬೋರಲು ಮಲಗಿ ತೊಟ್ಟಿಯ ಅಡಿಗೆ ಕ್ಲಿಪ್ ಬಿಗಿಯುತ್ತಿದ್ದೆ. ಉಲ್ಲಾಸ್ ಹಿಂಬದಿ ಬಾಗಿಲಿಗೆ ಹೊಸ ರಬ್ಬರು ಹಾಕಿದ್ದನಲ್ಲ, ಸರಿಯಾಗಿ ಕೂರುತ್ತದೋ ನೋಡೋಣ ಎಂದು ದೂಡಿದೆ. ಖಟಕ್ ಎಂದು ಕೂತಿತು. ಭಾರಿ ಖುಷಿಯಾಗಿ ಹೆದ್ದಾರಿ ಬದಿಯ ಹೋಟೆಲಿಗೆ ಚಾ ಕುಡಿಯಲು ಹೋದೆ.

ಮೀನಿನ ಪೆಟ್ಟಿಗೆಯ ಬಾಗಿಲಿಗೆ ಒಳಗೆ ಹಿಡಿ ಇರುವುದಿಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ ಮಾರಾಯ. ಮೀನು ಬಾಗಿಲು ತೆಗೆದು ಹೊರಗೆ ಬಂದದ್ದನ್ನು ನಾನು ಕಂಡಿಲ್ಲ. ವಾಪಸು ಬರುವಾಗ ಒಳಗಿನಿಂದ ಧಡ್ ಧಡ್ ಸದ್ದು. ಪಾಪ, ಎಷ್ಟು ನಿಷ್ಠೆಯಿಂದ ಕೆಲಸ ಮಾಡುತ್ತಾನೆ ಎಂದುಕೊಂಡು ತೆಂಗಿನ ಮರದ ಅಡಿಯಲ್ಲಿ ಕೂತು ಪೇಪರು ಓದಿದೆ. ನಿನ್ನ ಫೋನು ಜಗಲಿಯಲ್ಲಿ ಚಾರ್ಜಿಗೆ ಇತ್ತು. ಕಿಟಕಿ ಕೊರೆಯಲು ಉಲ್ಲಾಸ್ ಬರಬೇಕಾದದ್ದು ಮರುದಿನ.

ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಗಾಡಿಯ ಅಡಿಯಿಂದ ಯಾರೋ ಕರೆದಂತಾಯಿತು. ಬಗ್ಗಿ ನೋಡಿದೆ, ಯಾರೂ ಇಲ್ಲ. ಮತ್ತೆ ನೋಡಿದರೆ ಐಸ್ ನೀರಿನ ತೂತಿನಲ್ಲಿ ನಿನ್ನ ಮೀಸೆಯ ಒಂದು ತುದಿ, ಎರಡು ತುಟಿ.

"ಹ್ವಾಯ್ ಚಂದ್ರ, ಬಾಗ್ಲ್ ತೆಗಿ ಮರಾಯ, ಒಳ್ಗ್ ಶೆಕಿ ಆತ್ತ್!"

ನಾಲ್ಕು ವರ್ಷದ ಮೇಲೆ ಮಾತಾಡಿದ್ದು, ಅದೂ ಏಕವಚನದಲ್ಲಿ. ನಾನು ಬಾಗಿಲು ತೆಗೆದೆ. ನೀನು ಬೆವರು ಸುರಿಸಿಕೊಂಡು ಇಳಿದು, ನನ್ನನ್ನು ನೋಡಿ, ಬಾಯಿ ಮುಚ್ಚಿಕೊಂಡು, ಅಂಗಿ ಹೆಗಲಿಗೆ ಹಾಕಿ ನಡೆದೇಬಿಟ್ಟೆ. ನಾನು ನೆಲದ ಮೇಲೆ ಕೂತು ನಕ್ಕೆ. ನಿಜ ಹೇಳುತ್ತೇನೆ, ಸಂಜೆ ಟಾರ್ಚು ಹಿಡಿದು ಬಗ್ಗಿ ಆ ತೂತನ್ನು ಮತ್ತೊಮ್ಮೆ ನೋಡಿ ಬಂದೆ. ನಿನ್ನ ಮಾತು ಕೇಳಿ ಆ ತೂತು ಮುಚ್ಚಿದ್ದರೆ ಇವತ್ತು ನಾನು ಯಾರಿಗೆ ಪತ್ರ ಬರೆಯಬೇಕಿತ್ತು?

ನಿನ್ನ ಅಕ್ಕ ಬಂದು ಎಲ್ಲ ಕೇಳಿ ಒಂದೇ ಮಾತು ಅಂದಳು. "ನಾನು ಬಾಗಿಲು ಎಂದು ಬರೆದದ್ದು ನಿಮಗಿಬ್ಬರಿಗೂ ಬರೀ ಕಕ್ಕಸಿನ ಬಾಗಿಲು ಎಂದು ಅರ್ಥವಾಯಿತಾ?" ಎಂದಳು. ಇದಕ್ಕೆ ನಿನ್ನ ಹತ್ತಿರ ಉತ್ತರ ಇದ್ದರೆ ಬರೆ.

ಚಂದ್ರ


ಬೈಂದೂರು
2 ಫೆಬ್ರವರಿ 2025

ಭಾವನವರಿಗೆ,

ಉತ್ತರ ಇಲ್ಲ. ಬದಲಿಗೆ ಒಂದು ಹಿಡಿ ಕಳುಹಿಸುತ್ತಿದ್ದೇನೆ, ದೋಣಿಯ ಕೋಣೆಗೆ ಹಾಕುವಂಥದ್ದು. ಹೊರಗೆ ಚಿಲಕ ಬಿದ್ದರೂ ಒಳಗಿನಿಂದ ತೆರೆಯುತ್ತದೆ. ಉಲ್ಲಾಸನಿಂದ ಹಾಕಿಸಿ. ಏಕವಚನಕ್ಕೆ ಕ್ಷಮೆ ಇರಲಿ. ತೂತಿಗೆ ಒಂದು ಬಲೆ ಜಾಳಿಗೆ ಹಾಕಿ ಹಾಗೇ ಉಳಿಸಿ, ಗಾಳಿಗಾಯಿತು.

ಆ ದಿನ ಒಳಗೆ ಮೊದಲು ಸುತ್ತಿಗೆಯಿಂದ ಬಡಿದೆ. ಆಮೇಲೆ ಅಕ್ಕನನ್ನು ಕರೆದೆ. ಅವಳು ಊರಲ್ಲಿಲ್ಲ ಎಂದು ನೆನಪಾದ ಮೇಲೂ ಕರೆದೆ. ನಿಮ್ಮ ಹೆಸರು ಬಾಯಿಗೆ ಬಂದರೂ ಆನೆಗುಡ್ಡೆಯ ನೆನಪಾಗಿ ನುಂಗಿಕೊಂಡೆ. ಕತ್ತಲೆಯಲ್ಲಿ, ತಡೆದುಕೊಂಡು, ಕರೆಯಲಾರದೆ ಕೂತಿದ್ದೆ. ಆಗ ಅಕ್ಕ ಪುಣೆಯಿಂದ ಹೇಗೆ ಕೂತು ಬಂದಿರಬಹುದು ಎಂದು ತಿಳಿಯಿತು. ನನ್ನದು ಸ್ವಲ್ಪ ಹೊತ್ತು, ಅವಳದು ಒಂದು ರಾತ್ರಿ. ನನಗೆ ಅಳು ಬಂತು. ಆಮೇಲೆ ಕೂಗಿದೆ.

ಕೊಟ್ಟ ಮಾತು ಮುರಿದದ್ದಕ್ಕೆ ತಪ್ಪುಕಾಣಿಕೆ ಹಾಕಬೇಕು. ಮಾತಾಡಿದ್ದು ನಿಮ್ಮ ಹತ್ತಿರವಾದ್ದರಿಂದ ನೀವೂ ಇರಬೇಕು. ಮುಂದಿನ ಮಂಗಳವಾರ ಗಾಡಿ ತೆಗೆದುಕೊಂಡು ಕುಂಭಾಶಿಗೆ ಬನ್ನಿ. ಟ್ಯಾಂಕು ತುಂಬಿಸಿಯೇ ಬನ್ನಿ. ಗುಡ್ಡ ಹತ್ತುವಾಗ ಹಿಂದಿನ ಕೊಳವೆ, ಇಳಿಯುವಾಗ ಮುಂದಿನ ಕೊಳವೆ ಎರಡನ್ನೂ ಪರೀಕ್ಷೆ ಮಾಡಬಹುದು. ಕಾಣಿಕೆ ಹಾಕುವವರೆಗೆ ನಾನು ಮಾತಾಡುವುದಿಲ್ಲ. ಒಮ್ಮೆ ಮುರಿದದ್ದು ಸಾಕು.

ಗುಣಪಾಲ


ನಾಗಪಟ್ಟಣ
10 ಮಾರ್ಚ್ 2025

ತಮ್ಮ ಗುಣಪಾಲನಿಗೆ,

ಫೋನು ಮಾಡಬಹುದಿತ್ತು. ಆದರೆ ಬೆಳಿಗ್ಗೆಯಿಂದ ಇವರು ನಿನ್ನ ಹತ್ತಿರ ಫೋನಿನಲ್ಲೇ ಇದ್ದಾರೆ, ಆನೆಗುಡ್ಡೆಯಲ್ಲಿ ಮೆಟ್ಟಿಲು ಇಳಿಯುವಾಗ ಶುರು ಮಾಡಿದ ಮಾತು ನಿಮ್ಮಿಬ್ಬರದು ಇನ್ನೂ ಮುಗಿದಿಲ್ಲ. ಅದಕ್ಕೆ ಅಂಚೆ ಕಚೇರಿ ಹುಡುಕಿ ಈ ಕವರು ತಂದೆ.

ಆವತ್ತು ನೀವಿಬ್ಬರೂ ಕಾಣಿಕೆ ಡಬ್ಬಿಯ ಎದುರು ನಿಂತಿದ್ದಾಗ ನಾನು ಗಾಡಿಗೆ ವಾಪಸು ಬಂದೆ, ಗೊತ್ತಲ್ಲ. ದೇವಸ್ಥಾನದ ಎದುರು ಅಷ್ಟು ಜನ, ಬಸ್ಸು, ಹೂವಿನವರು. ನಾನು ಒಳಗೆ ಹೋಗಿ ಚಿಲಕ ಹಾಕಿದೆ. ಹೊರಗೆ ಯಾರಿಗೂ ಏನೂ ತಿಳಿಯಲಿಲ್ಲ. ನಲ್ಲಿ ತಿರುಗಿಸಿದರೆ ನಮ್ಮ ಬಾವಿಯ ನೀರು ಬಂತು. ಆಗಲೇ ನನಗೆ ಧೈರ್ಯ ಬಂದದ್ದು, ನಿಮಗೆ ಹೇಳಲಿಲ್ಲ.

ದಾರಿಯಲ್ಲಿ ಯಾವ ತೊಂದರೆಯೂ ಆಗಲಿಲ್ಲ. ಘಟ್ಟ ಹತ್ತುವಾಗ ಟ್ಯಾಂಕು ಸುಮ್ಮನಿತ್ತು. ತೊಟ್ಟಿಯ ಅಡಿಯ ಕ್ಲಿಪ್ ಒಂದು ಸಡಿಲಾಗಿತ್ತು, ನಾನೇ ಬಿಗಿದೆ. ಇವರಿಗೆ ಬಗ್ಗಲು ಬೆನ್ನು ಬಿಡುವುದಿಲ್ಲ.

ಇಲ್ಲಿ ಕಡಲ ಕರೆಯಲ್ಲಿ ಗಾಡಿ ನಿಲ್ಲಿಸಿದ ಕೂಡಲೇ ನಾಲ್ಕು ಜನ ಮೀನಿನ ಕ್ರೇಟು ಹೊತ್ತು ಓಡಿ ಬಂದರು. ಗಾಡಿಯ ವಾಸನೆಗೆ ಲೋಡಿಗೆ ಬಂದದ್ದು ಎಂದು ತಿಳಿದರಂತೆ. ಇವರು ಬಾಗಿಲು ತೆಗೆದು ಮಂಚ, ಒಲೆ ತೋರಿಸಿದರು. ಅವರ ಹೆಂಗಸರೂ ಬಂದರು, ಮೀನು ಮಾರುವವರೇ. ಅವರ ಮಾತು ನನಗೆ ಬರುವುದಿಲ್ಲ, ನನ್ನದು ಅವರಿಗೆ ಬರುವುದಿಲ್ಲ. ಆದರೂ ಬಂಗುಡೆಗೆ ಚೌಕಾಸಿ ಸರಿಯಾಗಿಯೇ ನಡೆಯಿತು. ಒಬ್ಬಳು ಒಳಗೆಲ್ಲ ನೋಡಿ, ಕಕ್ಕಸಿನ ಬಾಗಿಲು ತೆರೆದು, ನನ್ನ ಮುಖ ನೋಡಿದಳು. ಹೋಗು ಎಂದು ಕೈ ಮಾಡಿದೆ. ಅವಳು ಹೋಗಿ ಚಿಲಕ ಹಾಕಿಕೊಂಡಳು. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು. ಡಬ್ಬಿ ಬೇಗ ತುಂಬಿತು ಎಂದು ಇವರು ಗೊಣಗಿದರು, ಆದರೆ ತೊಳೆದು ತಂದರು.

ಇವತ್ತು ಕತ್ತಲಿರುವಾಗಲೇ ಎದ್ದು ಹಿಂಬದಿಯ ಬಾಗಿಲು ತೆರೆದು ಕೂತೆ. ನೀನು ಕಳುಹಿಸಿದ ಹಿಡಿಯಿಂದಲೇ ತೆರೆದೆ. ಮೊದಲು ನೀರು ಕೆಂಪಾಯಿತು, ಆಮೇಲೆ ಅವನು ಬಂದ. ಮುಳುಗುವಾಗ ಹೇಗೋ ಹಾಗೆಯೇ ಇದ್ದಾನೆ. ಆದರೆ ಇವನು ಹೋಗುವವನಲ್ಲ, ಬರುವವನು ಎಂದು ಗೊತ್ತಿದ್ದದ್ದಕ್ಕೆ ನನಗೆ ಕಣ್ಣಲ್ಲಿ ನೀರು ಬಂತು.

ಆಮೇಲೆ ಇವರು ಒಳಗೆ ಹೋಗಿ ಚಾ ಮಾಡಿ ತಂದರು. ಒಂದು ಲೋಟ ಕುಡಿದು ಮುಗಿಸಿದೆ. ನಾವು ಇನ್ನೂ ಇಡೀ ದಿನ ದಾರಿಯಲ್ಲಿ ಇರಬೇಕಾದವರು. ಇವರು ಪಾತ್ರೆ ಹಿಡಿದುಕೊಂಡು, "ಇನ್ನೊಂದ್ ಲೋಟ ಬೇಕಾ?" ಎಂದು ಕೇಳಿದರು.

ಹಾಕಿ ಎಂದೆ.

ನಿನ್ನ ಅಕ್ಕ,
ಪ್ರಭಾವತಿ